ಕುಳಿತರೆ ಕೆರಳುವ, ಮಲಗಿದರೆ ಇಳಿಯುವ ನೋವು: ಪುಡೆಂಡಲ್ ನರದ ತೊಂದರೆಗೆ ಯಾರ ಬಳಿ, ಯಾವ ಚಿಕಿತ್ಸೆ ಪಡೆಯಬೇಕು?

ಪ್ರಶ್ನೆ — ಹೊಂಬೆಳಕು

ಎಲ್ಲರಿಗೂ ನಮಸ್ಕಾರ. ಮನೆಯವರ ಮುಂದೆಯೂ ಬಿಡಿಸಿ ಹೇಳಲು ಸಂಕೋಚವಾಗುವ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಬಾಧೆಯನ್ನು ಅನುಭವಿಸಿದವರು ಅಥವಾ ಇಂಥ ರೋಗಿಗಳಿಗೆ ಚಿಕಿತ್ಸೆ ನೀಡಿದವರು ಉತ್ತರಿಸಿದರೆ ಬಹಳ ಉಪಕಾರವಾಗುತ್ತದೆ.

ನಾನು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ದಿನದ ಬಹುಪಾಲು ಕುರ್ಚಿಯಲ್ಲೇ ಕಳೆಯುತ್ತದೆ. ಒಂದು ವರ್ಷಕ್ಕೂ ಮೇಲ್ಪಟ್ಟು ನನಗೆ ಬಲ ಪೃಷ್ಠದ ಒಳಬದಿಯಿಂದ ಶುರುವಾಗಿ ಗುದದ್ವಾರದ ಪಕ್ಕಕ್ಕೂ ಅಲ್ಲಿಂದ ಮುಂದೆ ಜನನಾಂಗದವರೆಗೂ ಹರಡುವ ಉರಿನೋವಿದೆ. ಕೆಲವೊಮ್ಮೆ ಕರೆಂಟ್ ಹೊಡೆದಂತೆ ಚುಳುಕ್ಕೆನ್ನುತ್ತದೆ. ಇನ್ನು ಕೆಲವೊಮ್ಮೆ ಗುದನಾಳದೊಳಗೆ ಯಾವುದೋ ಗಟ್ಟಿ ವಸ್ತು ಸಿಕ್ಕಿಕೊಂಡಿದೆ ಎನ್ನಿಸುತ್ತದೆ. ಬೆಳಿಗ್ಗೆ ಏಳುವಾಗ ನೋವು ಇಲ್ಲವೆನ್ನುವಷ್ಟು ಕಡಿಮೆ ಇರುತ್ತದೆ. ಕೆಲಸಕ್ಕೆ ಕುಳಿತ ಸ್ವಲ್ಪ ಹೊತ್ತಿಗೆ ಎಚ್ಚರಗೊಳ್ಳುವ ಅದು ಸಂಜೆಯ ಹೊತ್ತಿಗೆ ಒಳಉಡುಪು ತಾಗಿದರೂ ಸಹಿಸಲಾಗದ ಮಟ್ಟಕ್ಕೆ ಏರುತ್ತದೆ. ಎದ್ದು ನಿಂತರೆ ತಗ್ಗುತ್ತದೆ, ಮಲಗಿದರೆ ಇಳಿಯುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ನನಗೆ ಅರ್ಥವಾಗದ ಸಂಗತಿಯೆಂದರೆ, ಎಷ್ಟೇ ಮೆತ್ತನೆಯ ಕುರ್ಚಿಯಲ್ಲಿ ಕುಳಿತರೂ ಬರುವ ನೋವು ಕಮೋಡಿನ ಮೇಲೆ ಕುಳಿತಾಗ ಅಷ್ಟಾಗಿ ಬರುವುದಿಲ್ಲ.

ಮೊದಲು ಮೂತ್ರದ ಸೋಂಕೆಂದು ಭಾವಿಸಿ, ಕಲ್ಚರ್ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಆಂಟಿಬಯೋಟಿಕ್ ಕೊಟ್ಟರು. ಆಮೇಲೆ ಮೂಲವ್ಯಾಧಿಗೆಂದು ಮುಲಾಮು ಬಂತು. ಬೆನ್ನಿನ ಕೆಳಭಾಗದ ಎಂಆರ್‌ಐ ಮಾಡಿಸಿದಾಗ ಎಲ್ಲವೂ ಸರಿಯಾಗಿದೆ ಎಂಬ ವರದಿ ಬಂದಿತು. ಅದನ್ನು ನೋಡಿದ ವೈದ್ಯರು ಚಿಂತೆ ಕಡಿಮೆ ಮಾಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಕೊನೆಗೆ ಸ್ತ್ರೀರೋಗ ತಜ್ಞೆಯೊಬ್ಬರು ಒಳಪರೀಕ್ಷೆ ಮಾಡುವಾಗ ಬಲಗಡೆ ಒಂದು ಜಾಗವನ್ನು ಮೆಲ್ಲಗೆ ಒತ್ತಿದಾಗ ನನ್ನ ನೋವು ಇದ್ದದ್ದು ಇದ್ದಂತೆಯೇ ಮರುಕಳಿಸಿತು. ಇದು ಗುದ ಮತ್ತು ಜನನಾಂಗಗಳ ಭಾಗಕ್ಕೆ ಹೋಗುವ ಪುಡೆಂಡಲ್ ನರದ ತೊಂದರೆ ಇರಬಹುದು, ಪೇನ್ ಕ್ಲಿನಿಕ್ಕಿಗೆ ಹೋಗಿ ಎಂದು ಅವರು ಸೂಚಿಸಿ, ರಾತ್ರಿ ಮಲಗುವ ಮುನ್ನ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ. ಮಾತ್ರೆಯಿಂದ ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ನೋವಿನಲ್ಲಿ ಇನ್ನೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಸ್ಕ್ಯಾನ್ ಸರಿಯಿದ್ದೂ ನರಕ್ಕೆ ತೊಂದರೆ ಇರಲು ಸಾಧ್ಯವೇ? ಪೇನ್ ಕ್ಲಿನಿಕ್ಕಿನಲ್ಲಿ ಏನು ಮಾಡುತ್ತಾರೆ, ನಾನು ಏನನ್ನು ಕೇಳಿ ತಿಳಿದುಕೊಳ್ಳಬೇಕು? ಪರಿಚಯದವರೊಬ್ಬರು ಕೀಗಲ್ ವ್ಯಾಯಾಮ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಿದ್ದಾರೆ, ಅದು ನಿಜವೇ? ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸವನ್ನು ಬಿಡದೆ ಇದನ್ನು ನಿಭಾಯಿಸುವ ದಾರಿ ಇದೆಯೇ ಎಂಬುದು ನನ್ನ ಚಿಂತೆ.

ಉತ್ತರ — ದೂರದಾರಿ

ಹೊಂಬೆಳಕು ಅವರೇ, ನಾನು ವೈದ್ಯನಲ್ಲ. ಇದೇ ನರದ ನೋವಿನೊಂದಿಗೆ ಹಲವು ವರ್ಷಗಳಿಂದ ಬದುಕುತ್ತಿರುವವನು. ನನಗೆ ಬಹುಕಾಲ ಪ್ರಾಸ್ಟೇಟ್ ಗ್ರಂಥಿಯ ಉರಿಯೂತವೆಂದೇ ಚಿಕಿತ್ಸೆ ನಡೆದಿತ್ತು. ಗಂಡಸರನ್ನು ಮೂತ್ರರೋಗ ತಜ್ಞರ ಬಳಿಗೂ ಹೆಂಗಸರನ್ನು ಸ್ತ್ರೀರೋಗ ತಜ್ಞರ ಬಳಿಗೂ ಕಳುಹಿಸಿ, ಎರಡೂ ಕಡೆ ನರವನ್ನು ಕೊನೆಗೆ ನೆನೆಯುವ ಈ ಪದ್ಧತಿಯಿಂದ ನಷ್ಟವಾಗುವ ಕಾಲವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ನಿಮ್ಮ ತಜ್ಞೆಗೆ ಆ ಅನುಮಾನ ಬಂದದ್ದು ದೊಡ್ಡ ವಿಷಯ.

ಸ್ಕ್ಯಾನಿನ ಪ್ರಶ್ನೆಗೆ ಉತ್ತರ: ಖಂಡಿತ ಸಾಧ್ಯ. ಈ ನರವು ಬೆನ್ನುಹುರಿಯ ಎರಡು, ಮೂರು ಮತ್ತು ನಾಲ್ಕನೆಯ ಸೇಕ್ರಲ್ (ಬೆನ್ನಿನ ತುದಿಭಾಗದ) ಬೇರುಗಳಿಂದ ಹೊರಟು, ಪೃಷ್ಠದ ಆಳದಲ್ಲಿ ಇಶಿಯಲ್ ಸ್ಪೈನ್ ಎಂಬ ಮೂಳೆಯ ಮೊನೆಯ ಬಳಿ, ಮೂಳೆಗಳನ್ನು ಜೋಡಿಸುವ ಎರಡು ಅಸ್ಥಿರಜ್ಜುಗಳ ನಡುವೆ ನುಸುಳಿ, ಅಲ್ಲಿಂದ ಆಲ್ಕಾಕ್ ಕಾಲುವೆ ಎಂಬ ಇಕ್ಕಟ್ಟಾದ ಹಾದಿಯಲ್ಲಿ ಮುಂದಕ್ಕೆ ಸಾಗುತ್ತದೆ. ಅದರ ಒಂದು ಕವಲು ಗುದದ್ವಾರಕ್ಕೆ, ಒಂದು ಗುದ ಮತ್ತು ಜನನಾಂಗಗಳ ನಡುವಿನ ಭಾಗಕ್ಕೆ, ಇನ್ನೊಂದು ಗಂಡಸರಲ್ಲಿ ಶಿಶ್ನಕ್ಕೂ ಹೆಂಗಸರಲ್ಲಿ ಭಗಾಂಕುರಕ್ಕೂ ಹೋಗುತ್ತದೆ. ನೀವು ಬರೆದಿರುವ ನೋವಿನ ದಾರಿ ಬಹುಮಟ್ಟಿಗೆ ಇದೇ. ಬೆನ್ನಿನ ಎಂಆರ್‌ಐಯಲ್ಲಿ ಈ ಹಾದಿಯ ಹೆಚ್ಚಿನ ಭಾಗ ಬರುವುದೇ ಇಲ್ಲ. ಶ್ರೋಣಿಯ, ಎಂದರೆ ಸೊಂಟದ ಕೆಳಗಿನ ಗೂಡಿನ, ಎಂಆರ್‌ಐ ಮಾಡಿಸಿದರೂ ಅದರ ಮುಖ್ಯ ಉದ್ದೇಶ ಗೆಡ್ಡೆ, ಕೀವು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ರೋಗ) ಮುಂತಾದ ಬೇರೆ ಕಾರಣಗಳಿಲ್ಲ ಎಂದು ಖಚಿತಪಡಿಸಿಕೊಳ್ಳುವುದು. ಆ ಉದ್ದೇಶಕ್ಕಾಗಿ ಒಮ್ಮೆ ಮಾಡಿಸುವುದು ಒಳ್ಳೆಯದೇ.

ಹಾಗಾದರೆ ರೋಗವನ್ನು ನಿರ್ಣಯಿಸುವುದು ಹೇಗೆ? ಫ್ರಾನ್ಸಿನ ನಾಂಟ್ ನಗರದಲ್ಲಿ 2006ರಲ್ಲಿ ತಜ್ಞರು ಸೇರಿ ಒಪ್ಪಿ, 2008ರಲ್ಲಿ ಪ್ರಕಟವಾದ ಐದು ಮಾನದಂಡಗಳಿವೆ. ಅವನ್ನು ನಾಂಟ್ ಮಾನದಂಡಗಳೆಂದೇ ಕರೆಯುತ್ತಾರೆ. ನೋವು ಈ ನರದ ವ್ಯಾಪ್ತಿಯಲ್ಲೇ ಇರಬೇಕು, ಮುಖ್ಯವಾಗಿ ಕುಳಿತಾಗ ಹೆಚ್ಚಾಗಬೇಕು, ರಾತ್ರಿ ನಿದ್ದೆಯಿಂದ ಎಬ್ಬಿಸಬಾರದು, ಪರೀಕ್ಷಿಸಿದಾಗ ಚರ್ಮದ ಸ್ಪರ್ಶಜ್ಞಾನ ನಷ್ಟವಾಗಿರಬಾರದು, ಮತ್ತು ನರದ ಬಳಿ ಅರಿವಳಿಕೆ ಮದ್ದು ಚುಚ್ಚಿದಾಗ ನೋವು ತಾತ್ಕಾಲಿಕವಾಗಿ ಇಳಿಯಬೇಕು. ಕಮೋಡಿನ ಮೇಲೆ ನಿಮಗೆ ಹಿತವೆನಿಸುವುದಕ್ಕೂ ಕಾರಣವಿದೆ: ಅಲ್ಲಿ ಭಾರವನ್ನು ಅಕ್ಕಪಕ್ಕದ ಮೂಳೆ ಮತ್ತು ತೊಡೆಗಳು ಹೊರುತ್ತವೆ, ನಡುವಿನ ಭಾಗಕ್ಕೆ ಒತ್ತಡವಿರುವುದಿಲ್ಲ. ಇದನ್ನು ವೈದ್ಯರಿಗೆ ತಪ್ಪದೆ ಹೇಳಿ. ರೋಗಿಗಳು ನಾಚಿಕೆಯಿಂದ ಬಿಟ್ಟುಬಿಡುವ ಈ ಒಂದು ಮಾತು ಬಲ್ಲವರಿಗೆ ಬಹಳಷ್ಟನ್ನು ತಿಳಿಸುತ್ತದೆ.

ಸ್ಪರ್ಶಜ್ಞಾನದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ತೊಡೆಗಳ ಸಂದು ಮತ್ತು ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರಗಳ ಮೇಲೆ ಹಿಡಿತ ತಪ್ಪಿದರೆ, ಕಾಲುಗಳು ಸೋತುಹೋದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಅದು ಬೆನ್ನುಹುರಿಯ ಕೆಳಗಿನ ನರಗುಚ್ಛ ಒತ್ತಲ್ಪಟ್ಟಿರುವುದರ ಸೂಚನೆಯಾಗಿರಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿಯೆಲ್ಲ ಎಬ್ಬಿಸುವ ನೋವು ಇವು ಕೂಡ ಬೇರೆ ರೋಗವನ್ನು ಹುಡುಕಬೇಕೆಂಬುದರ ಗುರುತುಗಳು.

ಔಷಧದ ಬಗ್ಗೆ: 10 ಮಿಲಿಗ್ರಾಂ ಎಂಬುದು ಆರಂಭದ ಪ್ರಮಾಣ. ನರದ ನೋವಿಗೆ ಕೊಡುವ ಮಾತ್ರೆಗಳನ್ನು ಕಡಿಮೆಯಿಂದ ಶುರುಮಾಡಿ, ದೇಹ ಒಗ್ಗಿಕೊಂಡಂತೆ ವೈದ್ಯರೇ ಏರಿಸುತ್ತಾರೆ. ಪರಿಣಾಮ ತಿಳಿಯಲು ವಾರಗಳು ಬೇಕು. ಮಾತ್ರೆಯನ್ನು ಮಲಗುವ ಹೊತ್ತಿಗಿಂತ ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬಹುದೇ ಎಂದು ಕೇಳಿ ನೋಡಿ, ಬೆಳಗಿನ ಮಂಪರು ತಗ್ಗಬಹುದು. ಈ ಮಾತ್ರೆ ಮಲಬದ್ಧತೆಯನ್ನೂ ತರುತ್ತದೆ. ಮಲವಿಸರ್ಜನೆಗೆ ತಿಣುಕುವುದು ಈ ನರಕ್ಕೆ ಶತ್ರುವಾದ್ದರಿಂದ ಮಲ ಮೆತ್ತಗಿರುವಂತೆ ಮೊದಲ ದಿನದಿಂದಲೇ ನೋಡಿಕೊಳ್ಳಿ. ಇದು ಒಗ್ಗದಿದ್ದರೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಡುಲೊಕ್ಸೆಟಿನ್ ಇವೆ. ಯಾವುದನ್ನೂ ನೀವಾಗಿಯೇ ಒಮ್ಮೆಗೇ ನಿಲ್ಲಿಸಬೇಡಿ.

ಉತ್ತರ — ಶ್ರೋಣಿ ಫಿಸಿಯೋ

ಶ್ರೋಣಿತಳದ, ಎಂದರೆ ಶ್ರೋಣಿಯ ತಳವನ್ನು ಹಿಡಿದಿಡುವ ಸ್ನಾಯುಗಳ, ಫಿಸಿಯೋಥೆರಪಿ ನನ್ನ ವೃತ್ತಿ. ಕೀಗಲ್ ವ್ಯಾಯಾಮದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ಈ ಸಲಹೆಯಿಂದ ನೋವು ಹೆಚ್ಚಿಸಿಕೊಂಡು ಬರುವವರನ್ನು ನಾನು ಆಗಾಗ ನೋಡುತ್ತೇನೆ. ಕೀಗಲ್ ಎಂದರೆ ಶ್ರೋಣಿತಳದ ಸ್ನಾಯುಗಳನ್ನು ಬಿಗಿಹಿಡಿದು ಬಲಪಡಿಸುವ ಅಭ್ಯಾಸ. ಕೆಮ್ಮಿದಾಗ ಮೂತ್ರ ಸೋರುವವರಿಗೆ ಅದು ಉಪಯುಕ್ತ. ಪುಡೆಂಡಲ್ ನರದ ನೋವಿರುವ ಅನೇಕರಲ್ಲಿ ಈ ಸ್ನಾಯುಗಳು ನೋವಿಗೆ ಹೆದರಿ ಮೊದಲೇ ಸೆಟೆದುಕೊಂಡಿರುತ್ತವೆ. ಆಲ್ಕಾಕ್ ಕಾಲುವೆ ಇರುವುದೇ ಆಬ್ಟುರೇಟರ್ ಇಂಟರ್ನಸ್ ಎಂಬ ಸ್ನಾಯುವಿನ ಹೊದಿಕೆಯಲ್ಲಿ. ಆ ಸ್ನಾಯು ಬಿಗಿದರೆ ನರದ ಹಾದಿಯೂ ಬಿಗಿಯುತ್ತದೆ. ಬಿಗಿದದ್ದನ್ನು ಮತ್ತಷ್ಟು ಬಿಗಿಯುವ ವ್ಯಾಯಾಮ ನಿಮಗೆ ಸದ್ಯ ಬೇಡ. ನಿಮಗೆ ಬೇಕಿರುವುದು ಸಡಿಲಿಸುವ ಕಲಿಕೆ.

ಅದನ್ನು ಮನೆಯಲ್ಲಿ ಹೀಗೆ ಆರಂಭಿಸಬಹುದು. ನೆಲದ ಮೇಲೆ ಬೆನ್ನುಮಾಡಿ ಮಲಗಿ, ಮೊಣಕಾಲ ಕೆಳಗಿನ ಭಾಗವನ್ನು ಕುರ್ಚಿಯ ಆಸನದ ಮೇಲಿಡಿ. ಸೊಂಟದ ಕೆಳಗೆ ತೆಳುವಾಗಿ ಮಡಿಸಿದ ಬಟ್ಟೆ ಇದ್ದರೆ ಇನ್ನೂ ಹಿತ. ಒಂದು ಅಂಗೈಯನ್ನು ಹೊಕ್ಕುಳ ಕೆಳಗಿಡಿ. ಮೂಗಿನಿಂದ ಉಸಿರೆಳೆದುಕೊಳ್ಳುವಾಗ ಎದೆ ಏರದೆ ಹೊಟ್ಟೆ ಮಾತ್ರ ಅಂಗೈಯನ್ನು ಎತ್ತಲಿ. ಆಗ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆ ಕೆಳಗಿಳಿಯುತ್ತದೆ, ಅದರೊಂದಿಗೆ ಶ್ರೋಣಿತಳವೂ ತುಸು ಕೆಳಗಿಳಿದು ಹರಡಿಕೊಳ್ಳುತ್ತದೆ. ಗುದದ್ವಾರದ ಸುತ್ತಲಿನ ಬಿಗಿ ಬಿಚ್ಚಿಕೊಳ್ಳುವುದನ್ನು ಗಮನಿಸಿ, ಮೂತ್ರ ವಿಸರ್ಜನೆ ಆರಂಭವಾಗುವ ಕ್ಷಣದಲ್ಲಿ ಆಗುವ ಸಡಿಲಿಕೆ ಅದೇ. ಉಸಿರು ಬಿಡುವಾಗ ಏನನ್ನೂ ಒಳಗೆ ಎಳೆಯಬೇಡಿ, ಕೆಳಗೆ ತಳ್ಳಲೂ ಬೇಡಿ. ಹಲ್ಲು ಕಚ್ಚಿದ್ದರೆ ಬಿಡಿ. ದವಡೆ ಬಿಗಿಹಿಡಿದವರಲ್ಲಿ ಕೆಳಗಿನ ಸ್ನಾಯುಗಳೂ ಬಿಗಿದಿರುವುದನ್ನು ನಾನು ಪದೇಪದೇ ಕಂಡಿದ್ದೇನೆ. ನೋವು ಕಡಿಮೆ ಇರುವ ಹೊತ್ತಿನಲ್ಲೇ ಇದನ್ನು ರೂಢಿಸಿಕೊಂಡರೆ ನೋವು ಕೆರಳಿದ ದಿನ ಕೈಗೆ ಬರುತ್ತದೆ.

ನುರಿತ ಫಿಸಿಯೋಥೆರಪಿಸ್ಟ್ ಯೋನಿ ಅಥವಾ ಗುದದ ಮೂಲಕ ಬೆರಳಿನಿಂದ ಸ್ನಾಯುಗಳನ್ನು ಪರೀಕ್ಷಿಸಿ ಸಡಿಲಿಸುತ್ತಾರೆ. ಇದನ್ನು ಮಾಡುವ ಮೊದಲು ವಿವರಿಸಿ ಒಪ್ಪಿಗೆ ಕೇಳಲೇಬೇಕು, ಮತ್ತು ನೀವು ಯಾವ ಕ್ಷಣದಲ್ಲಾದರೂ ಸಾಕು ಎನ್ನಬಹುದು. ಚಿಕಿತ್ಸೆಯ ಮರುದಿನ ಸ್ವಲ್ಪ ಕೆರಳುವುದುಂಟು; ಪ್ರತಿ ಸಲವೂ ದಿನಗಟ್ಟಲೆ ಕೆರಳುತ್ತಿದ್ದರೆ ಒತ್ತಡ ಹೆಚ್ಚಾಗಿದೆ ಎಂದರ್ಥ, ಅದನ್ನು ಹೇಳಲು ಹಿಂಜರಿಯಬೇಡಿ.

ಕುಳಿತುಕೊಳ್ಳುವ ವಿಷಯಕ್ಕೆ ಬರುತ್ತೇನೆ, ನಿಮ್ಮ ಉದ್ಯೋಗ ನಿಂತಿರುವುದು ಇದರ ಮೇಲೆಯೇ. ನಡುವೆ ಹಿಂದಿನಿಂದ ಮುಂದಿನವರೆಗೆ ಕತ್ತರಿಸಿ ತೆಗೆದಿರುವ, ಗಟ್ಟಿ ಫೋಮಿನ ದಿಂಬು ಬೇಕು. ಕುಳಿತಾಗ ಪೃಷ್ಠದ ಎರಡು ಮೂಳೆಗಳೂ ಫೋಮಿನ ಮೇಲಿದ್ದು, ನಡುವಿನ ಭಾಗ ಯಾವುದಕ್ಕೂ ತಾಗದಂತಿರಬೇಕು. ದುಂಡನೆಯ ಗಾಳಿ ತುಂಬುವ ಉಂಗುರ ಹಲವರಿಗೆ ಒಗ್ಗುವುದಿಲ್ಲ, ಅದರಲ್ಲಿ ನಡುಭಾಗ ಜೋತುಬೀಳುತ್ತದೆ. ದಿಂಬಿಗಿಂತ ಮುಖ್ಯವಾದದ್ದು ಏಳುವ ಸಮಯ. ನೋವು ಶುರುವಾದ ಮೇಲೆ ಎದ್ದರೆ ತಡವಾಯಿತು. ಕುಳಿತ ಎಷ್ಟು ನಿಮಿಷಕ್ಕೆ ನೋವು ತಲೆಯೆತ್ತುತ್ತದೆ ಎಂದು ಕೆಲವು ದಿನ ಬರೆದಿಟ್ಟುಕೊಂಡು, ಅದಕ್ಕಿಂತ ಸಾಕಷ್ಟು ಮೊದಲೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಎದ್ದು ನಿಂತು ಕೆಲಸ ಮುಂದುವರಿಸಿ. ನಿಂತು ಬಳಸಲು ಎತ್ತರ ಬದಲಿಸಬಹುದಾದ ಮೇಜನ್ನು ಕೇಳಿಕೊಳ್ಳಲು ವೈದ್ಯರಿಂದ ಒಂದು ಪತ್ರ ಪಡೆಯಿರಿ. "ನರದ ಸಮಸ್ಯೆಯಿಂದ ದೀರ್ಘಕಾಲ ಕುಳಿತುಕೊಳ್ಳುವಂತಿಲ್ಲ" ಎಂಬಷ್ಟೇ ವಿವರ ಸಾಕು, ಯಾವ ಭಾಗದ ನೋವೆಂದು ಮೇಲಧಿಕಾರಿಗೆ ತಿಳಿಸಬೇಕಾದ ಅಗತ್ಯವಿಲ್ಲ.

ಸೈಕಲ್ ಸವಾರಿ ಸಂಪೂರ್ಣ ಬೇಡ. ಆಳವಾಗಿ ಕುಕ್ಕರುಗಾಲಿನಲ್ಲಿ ಕೂರುವ ವ್ಯಾಯಾಮ ಮತ್ತು ಭಾರ ಎತ್ತುವುದನ್ನು ಸದ್ಯಕ್ಕೆ ನಿಲ್ಲಿಸಿ. ಸಮತಟ್ಟಾದ ನೆಲದ ಮೇಲಿನ ನಡಿಗೆಯನ್ನು ಮಾತ್ರ ಬಿಡಬೇಡಿ. ಕಮೋಡಿನ ಮುಂದೆ ಸಣ್ಣ ಕಾಲುಮಣೆ ಇಟ್ಟುಕೊಂಡು ಪಾದಗಳನ್ನು ಅದರ ಮೇಲಿಟ್ಟರೆ ತಿಣುಕದೆ ವಿಸರ್ಜಿಸುವುದು ಸುಲಭವಾಗುತ್ತದೆ.

ಹೊಂಬೆಳಕು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ದವಡೆಯ ಮಾತನ್ನು ಓದುವಾಗಲೂ ನಾನು ಹಲ್ಲು ಕಚ್ಚಿಕೊಂಡಿದ್ದೆ. ಪೇನ್ ಕ್ಲಿನಿಕ್ಕಿನಲ್ಲಿ ನರ್ವ್ ಬ್ಲಾಕ್, ಎಂದರೆ ನರದ ಬಳಿ ಅರಿವಳಿಕೆ ಮದ್ದು ಚುಚ್ಚುವುದು, ಮಾಡೋಣ ಎಂದಿದ್ದಾರೆ. ಬ್ಲಾಕ್ ಮಾಡಿಸಿದ ಮೇಲೆ ನೋವು ಕೆಲವೇ ಗಂಟೆ ಇಳಿದು ಮರಳಿ ಬಂದರೆ ಚಿಕಿತ್ಸೆ ಸೋತಿತೆಂದು ತಿಳಿಯಬೇಕೇ? ಶಸ್ತ್ರಚಿಕಿತ್ಸೆಯಿಂದ ನರವನ್ನು ಬಿಡಿಸಬಹುದು ಎಂದೂ ಓದಿದ್ದೇನೆ, ಅದನ್ನು ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಉತ್ತರ — ಸಂಜೆಗಾಳಿ

ನಾನು ಬ್ಲಾಕ್ ಮತ್ತು ಶಸ್ತ್ರಚಿಕಿತ್ಸೆ ಎರಡನ್ನೂ ಮಾಡಿಸಿಕೊಂಡವಳು.

ಕೆಲವೇ ಗಂಟೆ ಇಳಿದರೆ ಅದು ಸೋಲಲ್ಲ. ಅರಿವಳಿಕೆ ಮದ್ದಿನ ಆಯುಷ್ಯವೇ ಅಷ್ಟು. ಆ ಗಂಟೆಗಳಲ್ಲಿ ನಿಮಗೆ ಸಿಗುವುದು ಉತ್ತರ. ಆದ್ದರಿಂದ ಬ್ಲಾಕ್ ಆದ ತಕ್ಷಣ ಮನೆಗೆ ಹೋಗಿ ಮಲಗಿಬಿಡಬೇಡಿ. ವೈದ್ಯರು ಅನುಮತಿಸಿದ ಕೂಡಲೇ, ಸಾಮಾನ್ಯವಾಗಿ ನೋವು ತರುವ ಕುರ್ಚಿಯಂಥದ್ದರಲ್ಲೇ ಕುಳಿತು, ಗಂಟೆಗೊಮ್ಮೆ ನೋವಿನ ಮಟ್ಟವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕೆಯಲ್ಲಿ ಬರೆದುಕೊಳ್ಳಿ, ಮರಗಟ್ಟಿದ ಜಾಗ ಯಾವುದೆಂದೂ ಗುರುತಿಸಿಕೊಳ್ಳಿ. ಮರಗಟ್ಟಿಯೂ ನೋವು ಇಳಿಯದಿದ್ದರೆ ಮೂಲ ಬೇರೆಡೆ ಇರಬಹುದು. ಮರಗಟ್ಟದೇ ಇದ್ದರೆ ಮದ್ದು ನರದ ಬಳಿ ತಲುಪಿಲ್ಲದಿರಬಹುದು. ಈ ಎರಡರ ವ್ಯತ್ಯಾಸವನ್ನು ಬರೆದಿಟ್ಟ ಕಾಗದವೇ ವೈದ್ಯರಿಗೆ ತೋರಿಸುತ್ತದೆ. ನೋವು ಇಳಿದರೂ ನರ ಎಲ್ಲೋ ಸಿಕ್ಕಿಕೊಂಡಿದೆ ಎಂದು ಅದರಿಂದಲೇ ಸಾಬೀತಾಗುವುದಿಲ್ಲ, ನೋವು ಆ ನರದ ವ್ಯಾಪ್ತಿಯದು ಎಂದಷ್ಟೇ ತಿಳಿಯುತ್ತದೆ. ಚುಚ್ಚುವಾಗ ಅಲ್ಟ್ರಾಸೌಂಡ್, ಎಕ್ಸ್‌ರೇ ಅಥವಾ ಸಿಟಿಯ ಮಾರ್ಗದರ್ಶನ ಬಳಸುತ್ತಾರೆಯೇ ಎಂದು ಕೇಳಿ. ಸ್ಟಿರಾಯ್ಡ್ ಸೇರಿಸುವ ಪದ್ಧತಿಯೂ ಇದೆ. ಆದರೆ 2017ರಲ್ಲಿ ಫ್ರಾನ್ಸಿನ ತಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ ಅರಿವಳಿಕೆಗೆ ಸ್ಟಿರಾಯ್ಡ್ ಸೇರಿಸಿದ್ದರಿಂದ ಹೆಚ್ಚುವರಿ ಪ್ರಯೋಜನ ಕಾಣಲಿಲ್ಲ. ಹಾಗಾಗಿ ಮೇಲಿಂದ ಮೇಲೆ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವ ಮೊದಲು ಕಾರಣವನ್ನು ಕೇಳುವುದು ನಿಮ್ಮ ಹಕ್ಕು.

ಶಸ್ತ್ರಚಿಕಿತ್ಸೆಯ ಕುರಿತು ಎಲ್ಲರೂ ಉಲ್ಲೇಖಿಸುವುದು ನಾಂಟ್ ತಂಡವೇ 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅದರಲ್ಲಿ ಇದ್ದವರು ಕೇವಲ 32 ರೋಗಿಗಳು. ಹನ್ನೆರಡು ತಿಂಗಳ ನಂತರ ಶಸ್ತ್ರಚಿಕಿತ್ಸೆ ಆದವರಲ್ಲಿ ಶೇಕಡಾ 71.4ರಷ್ಟು ಜನ ಸುಧಾರಿಸಿದ್ದರು, ಆಗದವರಲ್ಲಿ ಶೇಕಡಾ 13.3. ಈ ಅಂಕಿಗಳು ಭರವಸೆ ಹುಟ್ಟಿಸುತ್ತವೆ, ಆದರೆ ಸುಧಾರಣೆ ಎಂದರೆ ಸಂಪೂರ್ಣ ಗುಣವೆಂದು ಓದಿಕೊಳ್ಳಬಾರದು, ಮತ್ತು ಆ ರೋಗಿಗಳು ಬಿಗಿಯಾದ ಮಾನದಂಡದಿಂದ ಆಯ್ಕೆಯಾದವರು. ನನ್ನ ಪೃಷ್ಠದ ಮೂಲಕ ಕೊಯ್ದು, ಆ ಎರಡು ಅಸ್ಥಿರಜ್ಜುಗಳ ನಡುವೆ ನರವನ್ನು ಬಿಡಿಸಿದರು. ಮೊದಲ ತಿಂಗಳುಗಳಲ್ಲಿ ನೋವು ಮೊದಲಿಗಿಂತ ಹೆಚ್ಚೇ ಇತ್ತು. ಇದು ಸಾಮಾನ್ಯವೆಂದು ಮೊದಲೇ ಹೇಳಿದ್ದರಿಂದ ಧೃತಿಗೆಡಲಿಲ್ಲ. ಬಹಳ ನಿಧಾನವಾಗಿ ಕುಳಿತುಕೊಳ್ಳುವ ಅವಧಿ ಬೆಳೆಯಿತು. ಇಂದು ಒಂದು ಊಟ ಮುಗಿಯುವವರೆಗೆ, ಒಂದು ಸಭೆ ಮುಗಿಯುವವರೆಗೆ ನಾನು ಕುಳಿತಿರಬಲ್ಲೆ. ದಿಂಬು ಇಲ್ಲದೆ ದೂರ ಪ್ರಯಾಣ ಮಾಡಲಾರೆ. ನನಗೆ ಇದು ದೊಡ್ಡ ಲಾಭ. ಆದರೆ ಫಿಸಿಯೋಥೆರಪಿ, ಔಷಧ ಮತ್ತು ಬ್ಲಾಕ್‌ಗಳನ್ನು ತಾಳ್ಮೆಯಿಂದ ಪ್ರಯತ್ನಿಸದೆ ಈ ಮೆಟ್ಟಿಲು ಹತ್ತಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಡುವೆ ಪಲ್ಸ್‌ಡ್ ರೇಡಿಯೋಫ್ರೀಕ್ವೆನ್ಸಿ ಎಂಬ, ಸೂಜಿಯ ಮೂಲಕ ನರದ ಬಳಿ ರೇಡಿಯೋ ತರಂಗಗಳ ಮಿಡಿತ ಹಾಯಿಸುವ ವಿಧಾನವೂ ಇದೆ, ಅದರ ಬಗ್ಗೆ ವೈದ್ಯರನ್ನು ಕೇಳಿ.

ಇನ್ನೊಂದು ಮಾತನ್ನು ನೇರವಾಗಿ ಬರೆಯುತ್ತೇನೆ. ಈ ನೋವು ಮನಸ್ಸನ್ನು ಕುಗ್ಗಿಸುತ್ತದೆ, ಮತ್ತು ಕುಗ್ಗಿದ ಮನಸ್ಸು ನೋವನ್ನು ತಡೆಯುವ ಶಕ್ತಿಯನ್ನು ಕಿತ್ತುಕೊಳ್ಳುತ್ತದೆ. ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಸಹಾಯ ಪಡೆದರೆ ನೋವು ಕಲ್ಪನೆಯದೆಂದು ಒಪ್ಪಿಕೊಂಡಂತೆ ಆಗುವುದಿಲ್ಲ. ಬದುಕೇ ಬೇಡವೆಂಬ ಯೋಚನೆ ಎಂದಾದರೂ ಸುಳಿದರೆ ಆ ದಿನವೇ ವೈದ್ಯರಿಗೂ ಮನೆಯಲ್ಲಿ ಒಬ್ಬರಿಗೂ ಹೇಳಿ. ನಾನು ಹೇಳಿದ್ದೆ, ಅದರಿಂದಲೇ ನನಗೆ ಸರಿಯಾದ ಆರೈಕೆ ದೊರೆಯಿತು.

ಉತ್ತರ — ಜೊತೆಗಾರ

ನನ್ನ ಪತ್ನಿಗೆ ಇದೇ ತೊಂದರೆಯಿದೆ. ಮನೆಯವರಿಗೆ ಹೇಳಲು ಸಂಕೋಚ ಎಂದು ನೀವು ಬರೆದುದನ್ನು ಓದಿ ಉತ್ತರಿಸುತ್ತಿದ್ದೇನೆ. ನಮ್ಮಲ್ಲಿ ಮೌನದಿಂದಾದ ನೋವೂ ಕಡಿಮೆಯಲ್ಲ. ಆಕೆ ದೂರ ಸರಿದದ್ದಕ್ಕೆ ಬೇರೆ ಕಾರಣಗಳನ್ನು ನಾನು ಊಹಿಸಿಕೊಳ್ಳುತ್ತಿದ್ದೆ. ಒಮ್ಮೆ ವೈದ್ಯರ ಬಳಿ ಇಬ್ಬರೂ ಒಟ್ಟಿಗೆ ಹೋದಾಗ ಅವರು ನರದ ಚಿತ್ರವನ್ನು ತೋರಿಸಿ, ದಾಂಪತ್ಯದ ಮಿಲನದ ಸಮಯದಲ್ಲಿ ಅಥವಾ ಅದರ ನಂತರ ನೋವು ಏಕೆ ಕೆರಳುತ್ತದೆ ಎಂದು ವಿವರಿಸಿದರು. ಅಂದಿನಿಂದ ನಾವು ಒಂದು ಒಪ್ಪಂದಕ್ಕೆ ಬಂದಿದ್ದೇವೆ: ಆಕೆ ಬೆಳಿಗ್ಗೆಯೇ ಇವತ್ತು ಹೇಗಿದೆ ಎಂದು ಒಂದೇ ಮಾತಿನಲ್ಲಿ ತಿಳಿಸುತ್ತಾಳೆ, ನಾನು ಮತ್ತೆ ಮತ್ತೆ ಕೇಳುವುದಿಲ್ಲ, ಆತ್ಮೀಯತೆಯ ವಿಷಯದಲ್ಲಿ ಸಾಕು ಎಂದರೆ ಅಲ್ಲಿಗೆ ಸಾಕು. ಪ್ರಯಾಣದಲ್ಲಿ ಆಕೆ ಹಿಂದಿನ ಸೀಟಿನಲ್ಲಿ ಒಂದು ಮಗ್ಗುಲಿಗೆ ಒರಗಿ ಕೂರುತ್ತಾಳೆ, ನಡುನಡುವೆ ಗಾಡಿ ನಿಲ್ಲಿಸಿ ಸ್ವಲ್ಪ ಅಡ್ಡಾಡುತ್ತೇವೆ. ನಿಮ್ಮ ಮನೆಯವರಲ್ಲಿ ನಂಬಿಕೆಯಿರುವ ಒಬ್ಬರನ್ನು ಪೇನ್ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ. ಬ್ಲಾಕ್ ಆದ ದಿನ ಕಾಲು ತುಸು ಹೊತ್ತು ಜೋಮು ಹಿಡಿಯಬಹುದಾದ್ದರಿಂದ ನಡೆಯುವಾಗ ಆಸರೆಗೆ ಹೇಗೂ ಒಬ್ಬರು ಬೇಕು, ಮತ್ತು ನಿಮಗೆ ಹೇಳಲು ಕಷ್ಟವಾಗುವುದನ್ನು ಅವರು ವೈದ್ಯರ ಬಾಯಿಂದಲೇ ಕೇಳಿಸಿಕೊಳ್ಳುತ್ತಾರೆ.